ಗೋಡೆಯಾಚೆಯ ಒಗ್ಗರಣೆ

ಈ ಬೆಳಿಗ್ಗೆ ಹಿತ್ತಿಲ ಕಟ್ಟೆಯ ಮೇಲೆ ಕೂತು ಈರುಳ್ಳಿ ಆರಿಸುತ್ತಿದ್ದೆ. ಗೋಡೆಯಾಚೆಯಿಂದ ಒಗ್ಗರಣೆಯ ವಾಸನೆ ಬಂತು. ಮೊದಲು ಸಾಸಿವೆ ಸಿಡಿದ ಸದ್ದು, ಅದರ ಬೆನ್ನಿಗೆ ಕರಿಬೇವಿನ ಚಟಪಟ, ಕೊನೆಗೆ ಇಂಗು. ಇಂಗಿನ ವಾಸನೆ ಮೂಗಿಗೆ ತಲುಪುವುದಕ್ಕೂ ನನ್ನ ಹೊಟ್ಟೆಯಲ್ಲಿ ಉರಿ ಏಳುವುದಕ್ಕೂ ಸರಿಹೋಯಿತು. ಹಸಿವು ಎಂದುಕೊಳ್ಳಬೇಡಿ, ತಿಂಡಿ ಆಗಿತ್ತು. ಇದು ಶುದ್ಧ ಹೊಟ್ಟೆಕಿಚ್ಚು. ಐವತ್ತರ ಹತ್ತಿರ ಬಂದ ಹೆಂಗಸು, ಮಗಳನ್ನು ಕಾಲೇಜಿಗೆ ಕಳಿಸಿದವಳು, ಪಕ್ಕದ ಮನೆಯ ಒಗ್ಗರಣೆಗೆ ಹೊಟ್ಟೆ ಉರಿದುಕೊಳ್ಳುತ್ತಾಳೆಯೇ ಎಂದು ನೀವು ಕೇಳಬಹುದು. ಉರಿದುಕೊಳ್ಳುತ್ತಾಳೆ. ಕೆಲವರಿಗೆ ನೆರೆಯವರ ಸರ ಕಂಡರೆ ಆಗುವುದಿಲ್ಲ, ಕೆಲವರಿಗೆ ನೆರೆಯವರ ಬೋರಿನಲ್ಲಿ ನೀರು ಬಂದರೆ ಆಗುವುದಿಲ್ಲ. ನನಗೆ ಗೌರಕ್ಕನ ಕೈರುಚಿ ಆಗುವುದಿಲ್ಲ.

ಗೌರಕ್ಕ ನನ್ನ ಪಕ್ಕದ ಮನೆಯಾಕೆ. ಅಜ್ಜಂಪುರದಲ್ಲಿ ನಮ್ಮ ಎರಡು ಮನೆಗಳ ಹಿತ್ತಿಲಿಗೂ ಒಂದೇ ಗೋಡೆ, ಎದೆಯ ಮಟ್ಟಕ್ಕೆ. ಆ ಗೋಡೆಯ ಮೇಲೆ ಮೊಣಕೈ ಊರಿ ನಾವಿಬ್ಬರೂ ಆಡದ ಮಾತಿಲ್ಲ. ನನಗಿಂತ ಒಂದಷ್ಟು ವರ್ಷಕ್ಕೆ ದೊಡ್ಡವಳು. ನಾನು ಬಸುರಿಯಾಗಿದ್ದಾಗ ತಲೆಗೆ ಎಣ್ಣೆ ಹಚ್ಚಿದವಳು ಅವಳು, ಅವಳ ಗಂಡ ಶಂಕರಪ್ಪನವರು ತೋಟದಲ್ಲಿ ಬಿದ್ದು ಕಾಲು ಮುರಿದುಕೊಂಡಾಗ ಹಸುವಿನ ಹಾಲು ಕರೆದುಕೊಟ್ಟವಳು ನಾನು. ಜಗಳವೇ ಆಡಿಲ್ಲ. ಜಗಳ ಆಡಿದ್ದರೆ ಎಷ್ಟೋ ಸುಲಭವಿತ್ತು. ಒಳ್ಳೆಯವರ ಮೇಲೆ ಹೊಟ್ಟೆಕಿಚ್ಚು ಪಡುವುದು ಬಹಳ ಕಷ್ಟದ ಕೆಲಸ.

ಅವರದು ತಾತ ಮುತ್ತಾತನ ಕಾಲದಿಂದ ಮಾಂಸ ಮುಟ್ಟದ ಮನೆ. ನಮ್ಮದು ಭಾನುವಾರ ಬಾಡಿಲ್ಲದಿದ್ದರೆ ವಾರವೇ ಮುಗಿದಂತಾಗದ ಮನೆ. ನನ್ನ ತವರು ಲಿಂಗದಹಳ್ಳಿ. ಅಲ್ಲಿಂದ ನಾನು ತಂದ ಬಳುವಳಿಯಲ್ಲಿ ಇಂದಿಗೂ ಹಾಗೇ ಉಳಿದಿರುವುದೆಂದರೆ ಅವ್ವ ಕಲಿಸಿದ ಬಾಡಿನ ಸಾರಿನ ಮಸಾಲೆ ಒಂದೇ. ಈರುಳ್ಳಿಯನ್ನು ಕಪ್ಪಾಗುವ ತನಕ ಸುಟ್ಟು, ಕೊಬ್ಬರಿಯನ್ನು ಕಪ್ಪಾಗುವ ಮುಂಚೆ ಇಳಿಸಿ, ಚಕ್ಕೆ ಲವಂಗವನ್ನು ಬಿಸಿ ತಾಗಿತೋ ಇಲ್ಲವೋ ಎನ್ನುವಂತೆ ಹುರಿಯಬೇಕು. ತರೀಕೆರೆಯ ನೆಂಟರು ಯಾವುದೋ ಕೆಲಸದ ನೆಪ ಹೇಳಿಕೊಂಡು ಭಾನುವಾರವೇ ಬರುತ್ತಿದ್ದರು. ಹೊಗಳಿಕೊಳ್ಳಬಾರದು, ಆದರೆ ನಾನು ಹೊಗಳಿಕೊಳ್ಳದಿದ್ದರೆ ನಮ್ಮನೆಯಲ್ಲಿ ಇನ್ಯಾರೂ ಹೊಗಳುವವರಿಲ್ಲ.

ಎರಡು ಮನೆಗಳ ನಡುವೆ ಒಂದು ಬೋಗುಣಿ ಓಡಾಡುತ್ತದೆ. ಗೌರಕ್ಕ ವಿಶೇಷವಾಗಿ ಏನು ಮಾಡಿದರೂ ಅದರಲ್ಲಿ ಹಾಕಿ ಗೋಡೆಯ ಮೇಲಿಡುತ್ತಾಳೆ. ಹೋಳಿಗೆ, ಹೋಳಿಗೆಯ ಸಾರು, ಎಣ್ಣೆಗಾಯಿ, ಹುರಿಗಡಲೆ ತಂಬಿಟ್ಟು. ಕೊಟ್ಟ ಪಾತ್ರೆಯನ್ನು ಬರಿದಾಗಿ ಹಿಂತಿರುಗಿಸಬಾರದಲ್ಲ? ನಾವು ಅದರಲ್ಲಿ ಈರುಳ್ಳಿಯನ್ನೋ ಆಲೂಗಡ್ಡೆಯನ್ನೋ ಒಂದು ಅಚ್ಚು ಬೆಲ್ಲವನ್ನೋ ಹಾಕಿ ಕೊಡುತ್ತೇವೆ. ಬೆಂದದ್ದು ಆ ಕಡೆಯಿಂದ ಈ ಕಡೆಗೆ, ಹಸಿಯದು ಈ ಕಡೆಯಿಂದ ಆ ಕಡೆಗೆ. ಹೀಗೆಂದು ಯಾರೂ ಬರೆದಿಟ್ಟಿಲ್ಲ, ಆದರೆ ಎಲ್ಲರಿಗೂ ಗೊತ್ತು. ಹೊಸ ಸೊಸೆಯಾಗಿ ಬಂದ ನನಗೆ ಮಾತ್ರ ಗೊತ್ತಿರಲಿಲ್ಲ. ಬಂದ ಹೊಸದರಲ್ಲಿ ಆ ಬೋಗುಣಿಯ ತುಂಬ ಶಾವಿಗೆ ಪಾಯಸ ಹಾಕಿಕೊಟ್ಟೆ. ಗೌರಕ್ಕ ನಗುನಗುತ್ತ ಎರಡೂ ಕೈಯಲ್ಲಿ ಇಸಿದುಕೊಂಡಳು. ಸಂಜೆ ಬಟ್ಟೆ ತೆಗೆಯಲು ಹೋದಾಗ ನೋಡುತ್ತೇನೆ, ಅವರ ಹಸು ಬಾನಿಗೆ ಮೂತಿ ಇಟ್ಟು ನನ್ನ ಪಾಯಸವನ್ನು ಗೋಡಂಬಿಯ ಸಮೇತ ನೆಕ್ಕುತ್ತಿದೆ.

"ಅವ್ರು ನಮ್ಮನೇಲಿ ಬೇಯ್ಸಿದ್ದು ಉಣ್ಣಲ್ಲ ಕಣೇ. ಬಾಡು ಬೇಯೋ ಒಲೆ ಅಂತ. ಬೇಜಾರ್ ಮಾಡ್ಕಬ್ಯಾಡ, ನಾಳೆಯಿಂದ ಈರುಳ್ಳಿ ಹಾಕ್ಕೊಡು," ಎಂದರು ನಮ್ಮತ್ತೆ.

ಬೇಜಾರು ಮಾಡಿಕೊಳ್ಳಲಿಲ್ಲ. ಅವರವರ ಮನೆಯ ನೇಮ ಅವರವರಿಗೆ. ಅಷ್ಟಕ್ಕೂ ಆ ಹಸು ಬಹಳ ಮೆಚ್ಚಿ ತಿಂದಿತು. ಆದರೆ ಈ ಏರ್ಪಾಡಿನಲ್ಲಿ ಒಂದು ಅನ್ಯಾಯ ಇತ್ತು. ಗೌರಕ್ಕನ ಅಡುಗೆಯನ್ನು ನಮ್ಮ ಮನೆಯವರೆಲ್ಲ ಉಂಡು ಹೊಗಳಬಹುದು, ನನ್ನ ಅಡುಗೆಯನ್ನು ಗೌರಕ್ಕ ಯಾವತ್ತೂ ಉಣ್ಣುವ ಹಾಗಿಲ್ಲ. ಅಖಾಡಕ್ಕೇ ಇಳಿಯದ ಪೈಲ್ವಾನನನ್ನು ಸೋಲಿಸುವುದು ಹೇಗೆ ಹೇಳಿ?

ನಮ್ಮವರು ಹೊಗಳುತ್ತಲೂ ಇದ್ದರು. ನಮ್ಮೆಜಮಾನರು ಭಾನುವಾರ ನನ್ನ ಸಾರಿನಲ್ಲಿ ಎರಡು ಮುದ್ದೆ ಮುಳುಗಿಸಿ ಉಂಡು, ಕೈ ತೊಳೆದು, ಮಾತಿಲ್ಲದೆ ಮಲಗುವರು. ಸೋಮವಾರ ಗೌರಕ್ಕನ ಹೋಳಿಗೆ ಸಾರು ಬಂದರೆ ಬೋಗುಣಿಯನ್ನೇ ಎತ್ತಿ ಕುಡಿದು, "ಆಹಾ, ಸಾರು ಅಂದ್ರೆ ಇದು ಕಣೇ," ಎನ್ನುವರು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ನನ್ನ ಮನೆಯಲ್ಲಿ ಹಿತ್ತಲ ಗಿಡ ನಾನು, ಮದ್ದು ಹಿತ್ತಿಲ ಗೋಡೆಯ ಆಚೆ. ಮಗಳು ಸುಧಾ ಇನ್ನೂ ಮುಂದೆ ಹೋಗಿ, ಜ್ವರ ಬಂದು ಬಾಯಿ ಕೆಟ್ಟಾಗ, "ಗೌರತ್ತೆ ಮನೆ ತಿಳಿಸಾರು ಬೇಕು," ಎಂದು ಅತ್ತಳು. ಹೆತ್ತ ತಾಯಿ ಸೌಟು ಹಿಡಿದು ನಿಂತಿದ್ದೇನೆ, ಮಗಳಿಗೆ ಗೌರತ್ತೆಯ ಸಾರು! ಗೋಡೆಯ ಹತ್ತಿರ ಹೋಗಿ ಕೇಳಿ ಇಸಿದುಕೊಂಡು ಬಂದೆ. ಮಗು ಚೇತರಿಸಿಕೊಂಡಿತು. ನಾನು ಚೇತರಿಸಿಕೊಳ್ಳಲಿಲ್ಲ.

ಹೋದ ವರ್ಷದ ಶ್ರಾವಣ ಬರುವ ಹೊತ್ತಿಗೆ ನನಗೆ ಈ ಆಲೋಚನೆ ಹೊಳೆಯಿತು. ಶ್ರಾವಣದಲ್ಲಿ ಹೇಗೂ ನಮ್ಮಲ್ಲಿ ಬಾಡು ಮಾಡುವುದಿಲ್ಲ. ಅದನ್ನೇ ಮುಂದುವರಿಸಿದರೆ? ಬಾಡು ಬೇಯುವ ಒಲೆ ಎಂಬ ಮಾತೇ ಇಲ್ಲದಂತೆ ಮಾಡಿದರೆ? ಆಗ ಗೌರಕ್ಕ ಉಣ್ಣಲೇಬೇಕು, ಉಂಡು ಒಪ್ಪಲೇಬೇಕು.

"ಇನ್ಮೇಲೆ ಈ ಮನೇಲಿ ಬಾಡು ಮಾಡಲ್ಲ," ಎಂದು ಊಟದ ಹೊತ್ತಿನಲ್ಲಿ ಹೇಳಿದೆ.

ನಮ್ಮೆಜಮಾನರು ತುತ್ತನ್ನು ಬಾಯಿಯ ಹತ್ತಿರವೇ ನಿಲ್ಲಿಸಿ, "ಹುಷಾರಾಗಿದೀಯೇನೇ?" ಎಂದರು. ಆಮೇಲೆ, "ಡಾಕ್ಟ್ರು ಏನಾರ ಅಂದ್ರಾ? ಯಾವನಾರ ಸ್ವಾಮಿ ಬಂದಿದ್ನಾ?"

"ಯಾರೂ ಇಲ್ಲ. ಸುಮ್ನೆ. ಮನಸ್ಸಿಗೆ ಬಂತು."

ತರೀಕೆರೆಯ ಹಾಸ್ಟೆಲಿನಿಂದ ಸುಧಾ ಫೋನಿನಲ್ಲಿ, "ಅಯ್ಯೋ ಸೂಪರ್ ಅಮ್ಮಾ! ಈಗ ಎಲ್ರೂ ವೆಜ್ ಆಗ್ತಿದಾರೆ, ಹೆಲ್ತಿಗೆ ಒಳ್ಳೇದು, ಪ್ರಾಣಿಗಳಿಗೂ ಒಳ್ಳೇದು," ಎಂದು ಭಾಷಣ ಮಾಡಿದಳು. ನಾನೂ ಹೂಂ ಹೂಂ ಎಂದೆ. ಯಾವ ಪ್ರಾಣಿಯೂ ನನ್ನ ತಲೆಯಲ್ಲಿ ಇರಲಿಲ್ಲ, ಪಕ್ಕದ ಮನೆಯ ಆ ಹಸುವೊಂದನ್ನು ಬಿಟ್ಟು. ಊರಲ್ಲಿ ಜನ ದೇವರಿಗಾಗಿ ಬಾಡು ಬಿಡುತ್ತಾರೆ, ಕಾಯಿಲೆಗಾಗಿ ಬಿಡುತ್ತಾರೆ. ಹೊಟ್ಟೆಕಿಚ್ಚಿಗಾಗಿ ಬಿಟ್ಟವಳು ನಾನೊಬ್ಬಳೇ ಇರಬೇಕು.

ತರೀಕೆರೆಗೆ ಹೋಗಿ, ಬಸ್‌ಸ್ಟ್ಯಾಂಡಿನ ಹತ್ತಿರ ಪಾತ್ರೆ, ಬಾಣಲಿ, ಸೌಟು, ಮಿಕ್ಸಿಯ ಜಾರು ಎಲ್ಲ ಹೊಸದಾಗಿ ತಂದೆ. ಹಳೆಯದನ್ನು ಮೂಟೆ ಕಟ್ಟಿ ಈರುಳ್ಳಿ ಶೆಡ್ಡಿನ ಅಟ್ಟಕ್ಕೆ ಹಾಕಿದೆ. ಒಲೆಯ ಕಟ್ಟೆಯನ್ನು ಉಜ್ಜಿ ಉಜ್ಜಿ ತೊಳೆದೆ. ಇಷ್ಟೆಲ್ಲ ಆದ ಮೇಲೆ ಒಂದು ಸತ್ಯ ಗೊತ್ತಾಯಿತು, ನನಗೆ ತರಕಾರಿ ಬೇಯಿಸಲು ಬರುವುದಿಲ್ಲ.

ನಗಬೇಡಿ. ವಾರದ ದಿನಗಳಲ್ಲಿ ಕಾಳೋ ಸೊಪ್ಪೋ ಏನೋ ಒಂದು ಬೇಯಿಸಿ ಹಾಕುತ್ತಿದ್ದೆ, ಆದರೆ ಕೈ ಪಳಗಿದ್ದು ಬಾಡಿನ ಮೇಲೆ. ಬಾಡಿಗೆ ಬೇಕಾದ್ದು ಹೊತ್ತು. ಕುದಿಸಿದಷ್ಟೂ ರುಚಿ. ಅದೇ ಅಭ್ಯಾಸದಲ್ಲಿ ಹೀರೆಕಾಯಿಯನ್ನು ಒಲೆಯ ಮೇಲಿಟ್ಟು, ಸಣ್ಣ ಉರಿ ಮಾಡಿ, ಹಸುವಿಗೆ ಹುಲ್ಲು ಹಾಕಿ, ಶೆಡ್ಡು ಗುಡಿಸಿ ಬಂದೆ. ಮುಚ್ಚಳ ತೆಗೆದರೆ ಹೀರೆಕಾಯಿಯೇ ಇಲ್ಲ, ಬರೀ ಹಸಿರು ಗಂಜಿ. ಎಲೆಕೋಸು ಬೆಂದು ನೆರೆಮನೆಯವರೆಗೂ ನಾರಿತು. ಹೊಸ ಪಾತ್ರೆಯ ತಳ ತೆಳು ಎಂದು ನಾನು ದೂರಿದೆ. "ಕುಣೀಲಾರ್ದೋಳು ನೆಲ ಡೊಂಕು ಅಂದ್ಳಂತೆ," ಎಂದು ನಮ್ಮೆಜಮಾನರು ಗೊಣಗಿದರು. ಆಮೇಲಾಮೇಲೆ ಅವರಿಗೆ ಕಡೂರಿನಲ್ಲಿ ಕೆಲಸ ಹೆಚ್ಚಾಯಿತು. "ಕಾಯಿ ವ್ಯಾಪಾರಿ ಹತ್ರ ಮಾತಾಡ್ಬೇಕು, ಬತ್ತೀನಿ," ಎಂದು ಭಾನುವಾರ ಮಧ್ಯಾಹ್ನವೇ ಹೊರಡುವರು. ಸಂಜೆ ಬಾಯಿ ತುಂಬ ಏಲಕ್ಕಿ ಹಾಕಿಕೊಂಡು ಬರುವರು. ಏಲಕ್ಕಿಯ ಹಿಂದೆ ಯಾವ ಹೋಟೆಲಿನ ಯಾವ ಸಾರು ಇದೆ, ಅದಕ್ಕೆ ಲವಂಗ ಎಷ್ಟು ಹೆಚ್ಚಾಗಿದೆ ಎನ್ನುವುದೂ ನನಗೆ ಗೊತ್ತಾಗುತ್ತಿತ್ತು. ಆ ಹೋಟೆಲಿನ ಅಡುಗೆಯವನ ಮೇಲೂ ಒಂದಿಷ್ಟು ಹೊಟ್ಟೆಕಿಚ್ಚು ಪಟ್ಟೆ. ಇದ್ದುದರಲ್ಲೇ ಅವನಿಗೂ ಪಾಲು.

ಶ್ರಾವಣ ಮುಗಿದು ಗೌರಿಹಬ್ಬವೂ ಕಳೆದ ಮೇಲೆ, ಗೋಡೆಯ ಹತ್ತಿರ ನಿಂತು ಗೌರಕ್ಕನನ್ನು ಊಟಕ್ಕೆ ಕರೆದೆ. ಅವಳಿಗೆ ನನ್ನ ಹೊಸ ನೇಮ ಗೊತ್ತಿತ್ತು. ಒಂದು ಗಳಿಗೆ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದಳು.

"ಬತ್ತೀನಿ ಬಿಡೇ. ಇಷ್ಟೆಲ್ಲ ಮಾಡಿದೀಯ, ಬರ್ದೆ ಇದ್ರೆ ಆಯ್ತದಾ?"

ಆ ದಿನ ಬುದ್ಧಿವಂತಳಾಗಿದ್ದರೆ ನಾನು ಅನ್ನ, ತಿಳಿಸಾರು, ಪಲ್ಯ ಮಾಡುತ್ತಿದ್ದೆ. ಆದರೆ ಬಹಳ ವರ್ಷದ ಮೇಲೆ ಪೈಲ್ವಾನ ಅಖಾಡಕ್ಕೆ ಇಳಿಯುತ್ತಿದ್ದಾನೆ, ನನ್ನ ದೊಡ್ಡ ಪಟ್ಟನ್ನೇ ಹಾಕಬೇಡವೇ? ಹುರುಳಿಯನ್ನು ಮೊಳಕೆ ಕಟ್ಟಿದೆ, ನಮ್ಮ ಹೊಲದ ಆಲೂಗಡ್ಡೆ ಹಾಕಿದೆ, ಅದಕ್ಕೆ ಅವ್ವನ ಮಸಾಲೆ ಅರೆದೆ. ಸುಟ್ಟ ಈರುಳ್ಳಿ, ಕೊಬ್ಬರಿ, ಗಸಗಸೆ, ಚಕ್ಕೆ, ಲವಂಗ, ಒಂದೂ ಬಿಡಲಿಲ್ಲ. ಬಾಡೊಂದಿಲ್ಲ, ಬಾಕಿ ಎಲ್ಲ ಇದೆ. ಸಾರು ಕುದಿಯುತ್ತಿದ್ದಾಗ ನಮ್ಮೆಜಮಾನರು ಹೊಲದಿಂದ ಓಡೋಡಿ ಬಂದವರು ಪಾತ್ರೆಗೆ ಇಣುಕಿ ನೋಡಿ ನಿಟ್ಟುಸಿರು ಬಿಟ್ಟು ಹಿಂದಕ್ಕೆ ಹೋದರು.

ಗೌರಕ್ಕ ಬಂದಳು. ಕಾಲು ತೊಳೆದು, ಹೊಸ ಸೀರೆಯ ನೆರಿಗೆ ಸರಿಮಾಡಿಕೊಂಡು ಕೂತಳು. ಬಾಳೆಯೆಲೆ ಹಾಕಿ ಅನ್ನ ಬಡಿಸಿ ಮೇಲೆ ಸಾರು ಬಿಟ್ಟೆ. ಕಲಸಿದಳು. ತುತ್ತು ಎತ್ತಿದಳು. ಬಾಯಿಯ ಹತ್ತಿರ ಕೈ ನಿಂತಿತು.

"ಏನೇ ಇದು... ಭಾನುವಾರದ ವಾಸ್ನೆ ಬತ್ತದಲ್ಲೇ?"

"ಅಯ್ಯೋ ಇಲ್ಲ ಕಣಕ್ಕ! ಹುರುಳಿಕಾಳು. ಪಾತ್ರೆ ಹೊಸದು, ಜಾರೂ ಹೊಸದು, ಸುಧಾ ಆಣೆಗೂ."

"ಸುಳ್ಳು ಅಂದ್ನಾ ನಾನು? ನಂಗೊತ್ತಾಯ್ತದೆ, ಕಾಳು ಅಂತ ಕಣ್ಣಿಗೆ ಕಾಣ್ತದೆ. ಆದ್ರೆ ಮೂಗು ಕೇಳಲ್ವಲ್ಲೇ. ಇಷ್ಟು ವರ್ಷ ಭಾನುವಾರ ಅಂದ್ರೆ ಈ ವಾಸ್ನೆಗೆ ಕಿಟಕಿ ಹಾಕ್ಕೊಂಡು ಕೂತಿದೀನಿ." ತುತ್ತನ್ನು ಎಲೆಯ ತುದಿಗೆ ಮೆಲ್ಲಗೆ ಇಟ್ಟಳು. ಅವಳ ಕಣ್ಣಲ್ಲಿ ನೀರಿತ್ತು. "ಬೇಜಾರ್ ಮಾಡ್ಕಬ್ಯಾಡ ಕಣೇ. ಒಂಚೂರು ಮಜ್ಜಿಗೆ ಕೊಡು."

ಮಜ್ಜಿಗೆ ಅನ್ನ ಉಂಡು ಹೋದಳು. ಮಜ್ಜಿಗೆ ಚೆನ್ನಾಗಿದೆ ಎಂದಳು. ಅದರಲ್ಲಿ ನನ್ನ ಹೆಚ್ಚುಗಾರಿಕೆ ಏನು ಬಂತು? ಹಸು ಕೊಟ್ಟಿತು, ನಾನು ಕಡೆದೆ. ಅವಳು ಹೋದ ಮೇಲೆ ಕೂತು ಅತ್ತೆ. ಇಷ್ಟೆಲ್ಲ ಮಾಡಿಯೂ ಅವಳ ಬಾಯಿಗೆ ನನ್ನ ಕೈಯಡುಗೆ ಹೋಗಲಿಲ್ಲವಲ್ಲ ಎಂದು ಅತ್ತೆ. ಅಟ್ಟದಿಂದ ಹಳೆಯ ಪಾತ್ರೆ ಇಳಿಸಿಬಿಡಲೇ ಎಂದುಕೊಂಡೆ. ನಮ್ಮೆಜಮಾನರು ಏಣಿ ಹಿಡಿದುಕೊಳ್ಳಲು ತಯಾರಾಗಿಯೇ ಇದ್ದರು. ಆದರೆ ಭಕ್ತಿಗಿಂತ ಹೊಟ್ಟೆಕಿಚ್ಚಿಗೆ ಹಟ ಜಾಸ್ತಿ. ಪಾತ್ರೆ ಇಳಿಸಲಿಲ್ಲ.

ನನ್ನ ತಪ್ಪು ನನಗೆ ತಿಳಿದದ್ದು ನಿಧಾನವಾಗಿ. ನಾನು ಬಾಡು ಬಿಟ್ಟಿದ್ದೆನೇ ಹೊರತು ಬಾಡಿನ ಸಾರು ಬಿಟ್ಟಿರಲಿಲ್ಲ. ಪ್ರತಿ ತರಕಾರಿಯನ್ನೂ ಕುರಿಯಾಗು ಎಂದು ಪೀಡಿಸುತ್ತಿದ್ದೆ. ಆಮೇಲೆ ಒಂದೊಂದನ್ನೇ ಬಿಡುತ್ತ ಬಂದೆ. ಮೊದಲು ಲವಂಗ ಹೋಯಿತು, ಆಮೇಲೆ ಚಕ್ಕೆ, ಗಸಗಸೆ. ಗೌರಕ್ಕನನ್ನು ಕೇಳಿದ್ದರೆ ಬಾಯಿ ತುಂಬ ಹೇಳಿಕೊಡುತ್ತಿದ್ದಳು. ಕೇಳಲಿಲ್ಲ. ಗೋಡೆಯ ಈಚೆ ಬಟ್ಟೆ ಒಗೆಯುವ ನೆಪದಲ್ಲಿ ನಿಂತು, ಅವಳ ಒಗ್ಗರಣೆಯಲ್ಲಿ ಯಾವುದರ ಹಿಂದೆ ಯಾವುದು ಬೀಳುತ್ತದೆ ಎಂದು ಮೂಗಿನಿಂದಲೇ ಕದ್ದೆ. ಆ ತಿಂಗಳುಗಳಲ್ಲಿ ನಮ್ಮ ಮನೆಯ ಬಟ್ಟೆಗಳು ಬಹಳ ಶುಭ್ರವಾಗಿದ್ದವು.

ಅಷ್ಟರಲ್ಲಿ ಈರುಳ್ಳಿ ಕಿತ್ತರು. ನಮ್ಮೂರ ಸೀಮೆಯಲ್ಲಿ ಈರುಳ್ಳಿಗೆ ಬರ ಇಲ್ಲ. ದಪ್ಪನೆಯವು ಲಾರಿ ಹತ್ತಿ ಹೋಗುತ್ತವೆ, ಗೋಲಿಯಷ್ಟು ಸಣ್ಣವು ಯಾರಿಗೂ ಬೇಡವಾಗಿ ಶೆಡ್ಡಿನ ಮೂಲೆಯಲ್ಲಿ ಉಳಿಯುತ್ತವೆ. ಒಂದು ದಿನ ಅವನ್ನು ಇಡಿಯಾಗಿ ಎಣ್ಣೆಯಲ್ಲಿ ಕೆಂಪಗೆ ಬಾಡಿಸಿ, ಹುಣಸೆಹುಳಿ ಬಿಟ್ಟು, ಕೊತ್ತಂಬರಿ ಬೀಜ, ಒಣಮೆಣಸಿನಕಾಯಿ, ಒಂದಿಷ್ಟು ಹುರಿದ ಎಳ್ಳು ಅರೆದು ಹಾಕಿದೆ. ಚೂರು ಬೆಲ್ಲ. ಕುದಿ ಬಂದ ಕೂಡಲೇ ಇಳಿಸಿದೆ, ನನ್ನ ಕೈಯನ್ನು ನಾನೇ ಗದರಿಸಿ. ನಾಲಿಗೆಗೆ ಬಿಟ್ಟು ನೋಡಿದರೆ, ಅದು ಅವ್ವನದಲ್ಲ, ಗೌರಕ್ಕನದೂ ಅಲ್ಲ. ನನ್ನದು. ನಮ್ಮೆಜಮಾನರು ಉಂಡರು, ತಲೆ ಎತ್ತದೆ ಇನ್ನೊಂದು ಮುದ್ದೆ ಕೇಳಿದರು. ಅವರ ಕಡೂರಿನ ಕೆಲಸ ಆ ಭಾನುವಾರ ಮುಂದಕ್ಕೆ ಹೋಯಿತು.

ಮಾರನೆಯ ದಿನ ಮತ್ತೆ ಅದೇ ಸಾರು ಮಾಡಿ, ಗೌರಕ್ಕನ ಬೋಗುಣಿಯಲ್ಲಿ ಹಾಕಿ ಗೋಡೆಯ ಮೇಲಿಟ್ಟೆ. ಇಟ್ಟವಳೇ ಒಳಗೆ ಓಡಿದೆ. ಸಂಜೆಯ ತನಕ ಅವರ ಹಸುವಿನ ಬಾನಿಯ ಕಡೆಯೇ ಕಣ್ಣು. ಹಸು ಒಣಹುಲ್ಲು ತಿನ್ನುತ್ತಿತ್ತು. ಕತ್ತಲಾಗುವ ಮುಂಚೆ ಗೌರಕ್ಕ ಗೋಡೆಯ ಹತ್ತಿರ ಬಂದು, "ಲೇ, ಆ ಸಾರಿಗೆ ಎಳ್ಳು ಹುರ್ದು ಹಾಕಿದ್ಯೋ, ಹಸೀದೋ?" ಎಂದಳು.

ಉಂಡಿದ್ದಳು! ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ಕಥೆ ಇಲ್ಲಿಗೇ ಮುಗಿದಿದ್ದರೆ ನಾನು ಒಳ್ಳೆಯ ಹೆಂಗಸಾಗಿ ಉಳಿಯುತ್ತಿದ್ದೆನೋ ಏನೋ.

ಆದರೆ ಶಂಕರಪ್ಪನವರೂ ಉಂಡಿದ್ದರು. ಅವರದು ಸ್ವಲ್ಪ ದೊಡ್ಡ ಗಂಟಲು, ಮನೆಯೊಳಗೆ ಮಾತಾಡಿದರೂ ನಮ್ಮ ಹಿತ್ತಿಲಿಗೆ ಕೇಳುತ್ತದೆ. "ಏನೇ ಇದು, ಸಪ್ಪೆ. ಪಕ್ಕದ್ಮನೆ ಈರುಳ್ಳಿ ಸಾರಿನ ಥರ ಮಾಡ್ಬಾರ್ದಾ?" ಎಂದದ್ದು ಕೇಳಿತು. ಬೆನ್ನಿಗೇ ಸೌಟು ಎಸೆದ ಸದ್ದು. ಸುಳ್ಳೇಕೆ ಹೇಳಲಿ, ಆ ದಿನ ನಾನು ಎರಡು ತುತ್ತು ಹೆಚ್ಚಿಗೆ ಉಂಡೆ.

ಆಮೇಲೆ ಅದು ದಿನದ ಮಾತಾಯಿತು. ಪಲ್ಯ ಮಾಡಿದರೂ ಈರುಳ್ಳಿ ಸಾರು, ಎಣ್ಣೆಗಾಯಿ ಮಾಡಿದರೂ ಈರುಳ್ಳಿ ಸಾರು. ಗೌರಕ್ಕನ ಒಗ್ಗರಣೆಯ ವಾಸನೆ ಕಡಿಮೆಯಾಯಿತು. ಗೋಡೆಯ ಮೇಲೆ ಬೋಗುಣಿ ಬರುವುದು ನಿಂತಿತು. ನಾನು ಹಿತ್ತಿಲಿಗೆ ಹೋದರೆ ಅವಳಿಗೆ ಒಳಗೆ ಏನೋ ಕೆಲಸ ನೆನಪಾಗುತ್ತಿತ್ತು. ಮೊನ್ನೆ ಗೋಡೆಯ ಆಚೆ ಇಬ್ಬರೂ ಇದ್ದಾಗಲೇ ಶಂಕರಪ್ಪನವರು, "ಏನಮ್ಮಾ, ಈರುಳ್ಳಿ ಸಾರು ಮಾಡ್ಲೇ ಇಲ್ವಲ್ಲ? ನಮ್ಮನೇಲಂತೂ ನಾಲಿಗೆ ಸತ್ತೋಯ್ತು," ಎಂದು ನಕ್ಕರು. ನಾನು ಗೌರಕ್ಕನ ಮುಖ ನೋಡಿದೆ. ಅವಳು ನಗುತ್ತಿದ್ದಳು. ಬೋಗುಣಿ ಎತ್ತಿ ಕುಡಿಯುವ ಗಂಡನನ್ನು ನೋಡುತ್ತ ನಾನೂ ಎಷ್ಟೋ ಸಲ ಹಾಗೇ ನಕ್ಕಿದ್ದೆ. ಆ ನಗುವಿಗೆ ಎಷ್ಟು ನೋವಾಗುತ್ತದೆಂದು ನನ್ನಷ್ಟು ಚೆನ್ನಾಗಿ ಈ ಊರಲ್ಲಿ ಯಾರಿಗೂ ಗೊತ್ತಿರಲಾರದು. ಗೆದ್ದಿದ್ದೆ. ಗೆದ್ದದ್ದು ಯಾಕೋ ಒಂದು ಚೂರೂ ರುಚಿಯಾಗಲಿಲ್ಲ.

ನಿನ್ನೆ ಈರುಳ್ಳಿ ಸಾರು ಮಾಡಿದೆ. ಹದವಾಗಿ ಬಂದಿತ್ತು, ಯಾವತ್ತಿಗಿಂತ ಚೆನ್ನಾಗಿ. ಒಂದು ಬಟ್ಟಲಿಗೆ ಬಗ್ಗಿಸಿದೆ. ಆಮೇಲೆ ಉಪ್ಪಿನ ಡಬ್ಬಿಗೆ ಕೈ ಹಾಕಿ ಒಂದು ಹಿಡಿ ಉಪ್ಪನ್ನು ಬಟ್ಟಲಿಗೆ ಸುರಿದು ಕಲಸಿ ಗೋಡೆಯ ಆಚೆ ಕೊಟ್ಟೆ. ನನ್ನ ಕೈಯಾರೆ ನನ್ನ ಅಡುಗೆ ಕೆಡಿಸಿದ್ದು ಜನ್ಮದಲ್ಲಿ ಅದೇ ಮೊದಲು.

ಮಧ್ಯಾಹ್ನ ಶಂಕರಪ್ಪನವರ ಗಂಟಲು ಕೇಳಿತು. "ಥೂ! ಬಾಯಿಗಿಡಕ್ಕಾಗಲ್ಲ. ಏನೋ ಒಂದ್ಸಲ ಚೆನ್ನಾಗಾಗಿತ್ತು ಅಷ್ಟೇ ಕಣೇ. ಎಷ್ಟಾದ್ರೂ ನಿನ್ ಕೈ ನಿನ್ದೇ ಬಿಡು."

ನಾನು ಬಯಸಿದ್ದು ಇದನ್ನೇ. ಆದರೂ ಕೇಳಿದ ಕೂಡಲೇ ಅಡಿಯಿಂದ ಮುಡಿಯವರೆಗೆ ಉರಿದುಹೋಯಿತು. ಗೋಡೆ ಹತ್ತಿ, "ಬೇಕಂತಲೇ ಹಾಕಿದ್ದು ರೀ!" ಎಂದು ಕೂಗಿಬಿಡಬೇಕು ಅನ್ನಿಸಿತು. ತ್ಯಾಗ ಮಾಡಿದವರಿಗೆ ಮನಸ್ಸು ಹಗುರಾಗುತ್ತದೆ ಎನ್ನುತ್ತಾರೆ. ಯಾರು ಹೇಳಿದರೋ, ಅವರು ಅಡುಗೆಯವರಲ್ಲ.

ಅದಕ್ಕೇ ಈ ಬೆಳಿಗ್ಗೆ ಇಂಗಿನ ಒಗ್ಗರಣೆ ಮತ್ತೆ ಘಮ್ಮೆಂದಾಗ ನನ್ನ ಹೊಟ್ಟೆ ಹಾಗೆ ಉರಿದದ್ದು. ಉರಿಯಲಿ ಎಂದುಕೊಂಡು ಈರುಳ್ಳಿ ಆರಿಸುತ್ತಲೇ ಇದ್ದೆ. ಸ್ವಲ್ಪ ಹೊತ್ತಿಗೆ ಬಳೆಯ ಸದ್ದಾಯಿತು. ಗೌರಕ್ಕ ಗೋಡೆಯ ಮೇಲೆ ಮೊಣಕೈ ಊರಿ ನಿಂತಿದ್ದಳು.

"ಲೇ, ನಿನ್ನೆ ಸಾರಿಗೆ ಉಪ್ಪು ಹಾಕಿದ್ದು ನೀನೇನಾ?"

"ಹೂಂ ಕಣಕ್ಕ. ಕೈ ತಪ್ಪೋಯ್ತು."

ಅವಳು ನನ್ನ ಮುಖವನ್ನೇ ನೋಡಿದಳು. ನಾನು ಈರುಳ್ಳಿ ನೋಡಿದೆ.

"ತಪ್ಪೋ ಕೈಯಲ್ಲ ಅದು," ಎಂದಳು. ಆಮೇಲೆ ತಿರುಗಿ ಒಮ್ಮೆ ತನ್ನ ಮನೆಯ ಬಾಗಿಲ ಕಡೆ ನೋಡಿ, ಗೋಡೆಯ ಮೇಲೆ ಇನ್ನಷ್ಟು ಬಗ್ಗಿ, ದನಿ ತಗ್ಗಿಸಿದಳು.

"ನಾಳೆ ಸರಿಯಾಗಿ ಮಾಡ್ಕೊಡೇ. ಅವ್ರು ತೋಟಕ್ಕೆ ಹೋದ್ಮೇಲೆ. ನಂಗೊಬ್ಳಿಗೇ."